ಕತ್ತಿನ ಏಳು ಮೂಳೆ: ಸ್ಪೈನ್ ನೋಡಿ ನಂಬರ್ ಹೇಳಬೇಡಿ

ಮೊದಲ ವರ್ಷದ ಎಂಬಿಬಿಎಸ್, ಫಿಸಿಯೊಥೆರಪಿ ವಿದ್ಯಾರ್ಥಿಗಳ ಕೈಗೆ ಕತ್ತಿನ ಮೂಳೆ ಕೊಟ್ಟರೆ ಬಹುಪಾಲು ಮಂದಿಯ ಕಣ್ಣು ನೇರವಾಗಿ ಸ್ಪೈನಿಗೆ, ಅಂದರೆ ಹಿಂದಕ್ಕೆ ಚಾಚಿದ ಮುಳ್ಳಿಗೆ, ಹೋಗುತ್ತದೆ. ತುದಿ ಸೀಳಿದ್ದರೆ ‘ಟಿಪಿಕಲ್’ (ಸಿ3ರಿಂದ ಸಿ6), ಸೀಳದಿದ್ದರೆ ಸಿ7, ಅಂದರೆ ಮೇಲಿನಿಂದ ಏಳನೆಯದು. ವೈವಾ (ಮೌಖಿಕ ಪರೀಕ್ಷೆ) ಟೇಬಲ್ಲಿನ ಮೇಲೆ ಸೀಳದ ಸಿ6 ಇತ್ತೆಂದರೆ ಅಲ್ಲಿಗೆ ಮುಗಿಯಿತು. ಸಿ6ರ ಸ್ಪೈನ್ ಸೀಳದೇ ಇರುವುದು ತೀರಾ ಮಾಮೂಲು. ಸಿ3, ಸಿ4ರಲ್ಲೂ ಹಾಗಿರಬಹುದು. ನಂಬರ್ ಹೇಳುವುದು ಸ್ಪೈನ್ ಅಲ್ಲ, ಎರಡು ಪಕ್ಕಕ್ಕೆ ಚಾಚಿದ ಟ್ರಾನ್ಸ್‌ವರ್ಸ್ ಪ್ರೊಸೆಸ್. ಮೊದಲು ಅದನ್ನೇ ನೋಡಿ.

ಹಂತ 1. ಬಾಡಿಯೇ (ಮುಂಬದಿಯ ದಪ್ಪ ಭಾಗ) ಇಲ್ಲದೆ ಉಂಗುರದಂತಿರುವುದು ಅಟ್ಲಾಸ್ (ಸಿ1). ಮೇಲಕ್ಕೆ ಗೂಟ ಚಾಚಿರುವುದು ಆಕ್ಸಿಸ್ (ಸಿ2). ಎರಡನ್ನೂ ಪಕ್ಕಕ್ಕಿಡಿ.

ಹಂತ 2. ಉಳಿದ ಐದನ್ನು ಸರಿಯಾಗಿ ನಿಲ್ಲಿಸಿ. ಬಾಡಿ ಮುಂದೆ, ಸ್ಪೈನ್ ಹಿಂದೆ. ಬಾಡಿಯ ಯಾವ ಮುಖದ ಎರಡು ಬದಿಯಲ್ಲಿ ತುಟಿಯಂತೆ ಅಂಚು ಎದ್ದಿದೆಯೋ ಅದು ಮೇಲ್ಮುಖ. ತಲೆಕೆಳಗಾಗಿ ಹಿಡಿದು ಎಡ-ಬಲ ಹೇಳಿದರೆ ಮುಂದಿನದೆಲ್ಲ ತಪ್ಪುತ್ತದೆ.

ಹಂತ 3. ಎಲ್ಲರೂ ಎಡವುವುದು ಇಲ್ಲೇ, ನಿಧಾನಿಸಿ. ಟ್ರಾನ್ಸ್‌ವರ್ಸ್ ಪ್ರೊಸೆಸ್ಸಿನ ತುದಿಯಲ್ಲಿ ಮುಂದೊಂದು, ಹಿಂದೊಂದು ಗುಬುಟು ಇರುತ್ತದೆ. ಮುಂದಿನ ಗುಬುಟು ಎದ್ದು ಕಾಣುವಷ್ಟು ದಪ್ಪಗಿದ್ದರೆ ಸಿ6. ಕೆರೋಟಿಡ್ ಟ್ಯೂಬರ್ಕಲ್ ಅಂದರೆ ಇದೇ. ಅದು ಸಣ್ಣದಾಗಿದ್ದು ಅಥವಾ ಇಲ್ಲವೇ ಇಲ್ಲದೆ, ಹಿಂದಿನದು ಮಾತ್ರ ದೊಡ್ಡದಾಗಿದ್ದರೆ ಸಿ7. ಸಿ3ರಲ್ಲಿ ಮೇಲಿನ ಫೆಸೆಟ್ (ಪಕ್ಕದ ಮೂಳೆಯೊಡನೆ ಕೂಡುವ ನುಣುಪು ಮುಖ) ಹಿಂದಕ್ಕೂ ತುಸು ಒಳಕ್ಕೂ ಮುಖ ಮಾಡಿರುತ್ತದೆ, ಕೆಳಗಿಳಿದಂತೆ ಹೊರಕ್ಕೆ ತಿರುಗುತ್ತದೆ. ಇನ್ನು ಸಿ4 ಮತ್ತು ಸಿ5. ಒಂಟಿಯಾಗಿ ಸಿಕ್ಕರೆ ಇದೇ ಎಂದು ಪಟ್ಟು ಹಿಡಿಯಬೇಡಿ, ‘ಸಿ4 ಅಥವಾ ಸಿ5’ ಎನ್ನುವುದೇ ಸರಿಯಾದ ಉತ್ತರ. ಒಬ್ಬರದೇ ಮೂಳೆಗಳಾದರೆ ಒಂದರ ಮೇಲೊಂದು ಕೂರಿಸಿ ನೋಡಬಹುದು. ಸೀನಿಯರ್‌ಗಳಿಂದ ಕೊಂಡ ಬೋನ್ ಸೆಟ್ಟಿನಲ್ಲಿ ಏಳು ಮೂಳೆ ಏಳು ಜನರದಾಗಿರಲೂಬಹುದು. ಫೆಸೆಟ್‌ಗಳು ಕೂರದಿದ್ದರೆ ಒತ್ತಿ ಕೂರಿಸಲು ಹೋಗಬೇಡಿ.

ಹಂತ 4. ಈಗ ತೂತು. ಟ್ರಾನ್ಸ್‌ವರ್ಸ್ ಪ್ರೊಸೆಸ್ಸಿನ ಈ ರಂಧ್ರ ಕತ್ತಿನ ಮೂಳೆಯ ಗುರುತು. ಮಿದುಳಿಗೆ ರಕ್ತ ಒಯ್ಯುವ ವರ್ಟಿಬ್ರಲ್ ಆರ್ಟರಿ ಸಾಮಾನ್ಯವಾಗಿ ಸಿ6ರಲ್ಲಿ ಒಳಹೊಕ್ಕು ಮೇಲೇರುತ್ತದೆ. ಸಿ7ರ ತೂತಿನಲ್ಲಿ ಸಣ್ಣ ರಕ್ತನಾಳಗಳಷ್ಟೆ, ಹಾಗಾಗಿ ಅದು ಕಿರಿದು. ಮೂಳೆಯನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ. ಒಂದೇ ಬದಿ ನೋಡಿ ಇಡುವವರಿಗೆ ವ್ಯತ್ಯಾಸ ಸಿಗುವುದೇ ಇಲ್ಲ. ಎಡಗಡೆ ತುಸು ದೊಡ್ಡದಿದ್ದರೆ ಅಚ್ಚರಿ ಬೇಡ, ಹಲವರಲ್ಲಿ ಎಡ ಆರ್ಟರಿಯೇ ದಪ್ಪ. ಕೆಳಗಿನ ಮೂಳೆಗಳಲ್ಲಿ, ಅದರಲ್ಲೂ ಸಿ6ರಲ್ಲಿ, ನಡುವೆ ತೆಳುವಾದ ಮೂಳೆಯ ಗೋಡೆ ಎದ್ದು ಎರಡು ತೂತಾಗಿರಬಹುದು. ಪರೀಕ್ಷಿಸಲು ದಾರವೋ ಬೆಂಕಿಕಡ್ಡಿಯೋ ಸಾಕು. ತಂತಿ ಹಾಕಿದರೆ ಗೋಡೆ ಮುರಿಯುತ್ತದೆ.

ತೂತಿನ ಸುತ್ತಲಿನ ಮೂಳೆ ಒಂದೆಡೆ ತೆರೆದಿದ್ದರೆ ಅದು ಮುರಿದದ್ದೋ, ಹುಟ್ಟಿನಿಂದಲೇ ಇಲ್ಲದ್ದೋ? ಅಂಚಿನ ಮೇಲೆ ಉಗುರಾಡಿಸಿ. ಒರಟಾಗಿ, ಒಳಗಿನ ಸ್ಪಂಜಿನಂಥ ಮೂಳೆ ಕಾಣುತ್ತಿದ್ದರೆ ಮುರಿದದ್ದು. ನುಣುಪಾಗಿ, ಗಟ್ಟಿ ಹೊರಪದರ ಮುಚ್ಚಿದ್ದರೆ ಹುಟ್ಟಿನದು. ಅಟ್ಲಾಸಿನ ಹಿಂಬದಿ ಕಮಾನು ನಡುವೆ ಕೂಡದೇ ಇದ್ದರೂ ಇದೇ ಪರೀಕ್ಷೆ. ಸಿ.ಟಿ.ಯಲ್ಲಿ ಆ ಸೀಳನ್ನು ಮೂಳೆಮುರಿತ ಎಂದು ಓದುವ ಅಪಾಯವಿದೆ. ಹೊಳಪಿಗಾಗಿ ವಾರ್ನಿಶ್ ಬಳಿದ ಮೂಳೆಯಲ್ಲಿ ಈ ಪರೀಕ್ಷೆ ನಡೆಯದು, ಅಂಥದ್ದನ್ನು ಕೊಳ್ಳಲೇಬೇಡಿ. ಪ್ಲಾಸ್ಟಿಕ್ ಸೆಟ್ ಹೆಸರು ಕಲಿಯಲು ಸಾಕು. ಎಲ್ಲವೂ ಒಂದೇ ಅಚ್ಚಿನವು, ವ್ಯತ್ಯಾಸ ಕಲಿಯಲು ದಂಡ.

ಹಂತ 5. ಅಟ್ಲಾಸನ್ನು ಮತ್ತೆ ಕೈಗೆತ್ತಿಕೊಳ್ಳಿ. ಹಿಂಬದಿ ಕಮಾನಿನ ಮೇಲೆ ಆರ್ಟರಿ ಹಾಯುವ ಕಾಲುವೆ ಇದೆ. ಕೆಲವರಲ್ಲಿ ಅದರ ಮೇಲೆ ಮೂಳೆಯ ಸೇತುವೆ ಕಟ್ಟಿಕೊಂಡಿರುತ್ತದೆ. ಪೂರ್ತಿ ಕೂಡಿದ್ದರೆ ಆರ್ಕ್ಯುಯೇಟ್ ಫೊರಾಮೆನ್. ಒಂದೇ ಬದಿ ಇರಬಹುದು, ಅರ್ಧಕ್ಕೆ ನಿಂತಿರಲೂಬಹುದು. ಸಿ1ಕ್ಕೆ ಸ್ಕ್ರೂ ಹಾಕುವ ಸರ್ಜನ್ ಈ ಸೇತುವೆಯನ್ನೇ ದಪ್ಪ ಕಮಾನು ಎಂದುಕೊಂಡರೆ ಸ್ಕ್ರೂ ಆರ್ಟರಿಗೇ ಹೋಗಬಹುದು. ಆದ್ದರಿಂದ ರೆಕಾರ್ಡಿನಲ್ಲಿ ‘ಇದೆ’ ಎಂದಷ್ಟೇ ಬರೆಯದೆ ಯಾವ ಬದಿ, ಪೂರ್ತಿಯೋ ಅರ್ಧವೋ ಎಂದೂ ಬರೆಯಿರಿ.

ಹಂತ 6. ಕೊನೆಯದು ಸರ್ವೈಕಲ್ ರಿಬ್, ಸಿ7ಕ್ಕೆ ಅಂಟಿಕೊಂಡ ಹೆಚ್ಚುವರಿ ಪಕ್ಕೆಲುಬು. ಬಹಳ ಜನರಲ್ಲಿ ತೊಂದರೆಯನ್ನೇ ಕೊಡುವುದಿಲ್ಲ. ಕೆಲವರಲ್ಲಿ ಕೈಗೆ ಹೋಗುವ ನರವನ್ನೋ ರಕ್ತನಾಳವನ್ನೋ ಒತ್ತಿ ಜೋಮು ಹಿಡಿಸುತ್ತದೆ. ಎಕ್ಸ್‌ರೇಯಲ್ಲಿ ಇದನ್ನು ಮೊದಲನೇ ಪಕ್ಕೆಲುಬು ಎಂದು ಎಣಿಸುವುದು ಮಾಮೂಲಿ ತಪ್ಪು. ಮುಂದಿನಿಂದ ತೆಗೆದ ಚಿತ್ರದಲ್ಲಿ ಟ್ರಾನ್ಸ್‌ವರ್ಸ್ ಪ್ರೊಸೆಸ್ ಯಾವ ಕಡೆ ವಾಲಿದೆ ನೋಡಿ: ಸಿ7ರದು ಕೆಳಮುಖ, ಟಿ1ರದು (ಎದೆಯ ಬೆನ್ನುಮೂಳೆಗಳಲ್ಲಿ ಮೊದಲನೆಯದು) ಮೇಲ್ಮುಖ. ಅನುಮಾನ ಉಳಿದರೆ ಪಕ್ಕದಿಂದ ತೆಗೆದ ಚಿತ್ರದಲ್ಲಿ ಸಿ2ರಿಂದ ಕೆಳಕ್ಕೆ ಎಣಿಸುತ್ತಾ ಬನ್ನಿ. ಎಣಿಸುವಾಗ ಸಿ2-ಸಿ3 ಒಂದಕ್ಕೊಂದು ಬೆಸೆದುಕೊಂಡಿಲ್ಲವೇ ಎಂದೂ ನೋಡಿಕೊಳ್ಳಿ. ಹುಟ್ಟಿನಿಂದ ಬೆಸೆದಿದ್ದರೆ ಕೂಡುವಲ್ಲಿ ಬಾಡಿಯ ಸೊಂಟ ಸಣ್ಣಗಾಗಿರುತ್ತದೆ, ಎರಡನ್ನೂ ಒಂದೆಂದು ಎಣಿಸಿದರೆ ಸಿ7 ನಿಮಗೆ ಸಿ6 ಆಗುತ್ತದೆ.