ಪಲ್ಸರ್ 150ಗೆ ಆಯಿಲ್ ಕೂಲರ್ ಹಾಕಿ ಒಂದು ಬೇಸಿಗೆ ಪೂರ್ತಿ ಓಡಿಸಿದ್ದು

ಏಪ್ರಿಲ್ ಮಧ್ಯಾಹ್ನ ಹೊಸಪೇಟೆ-ತೋರಣಗಲ್ಲು ರೋಡಲ್ಲಿ, ಹಿಂದೆ ಪಂಪ್‌ಸೆಟ್ ಮೋಟರ್ ಕಟ್ಕೊಂಡು 150 ಓಡಿಸಿದವರಿಗೆ ಗೊತ್ತಿರುತ್ತೆ, ಅರ್ಧ ಗಂಟೆ ಆದ್ಮೇಲೆ ಗೇರ್ ಗಟ್ಟಿಯಾಗುತ್ತೆ, ನ್ಯೂಟ್ರಲ್ ಸಿಗಲ್ಲ, ಹೆಡ್ (ಇಂಜಿನ್ ಮೇಲ್ಭಾಗ) ಒಳಗಿನ ಟ್ಯಾಪೆಟ್ ಸೌಂಡ್ ಶುರುವಾಗುತ್ತೆ. ಎಣ್ಣೆ ಹಾಕೋ ತೂತಲ್ಲಿ ಮಲ್ಟಿಮೀಟರ್‌ನ ಥರ್ಮೋಕಪಲ್ (ಬಿಸಿ ಅಳೆಯೋ ವೈರು) ಇಳಿಸಿ ನೋಡಿದ್ರೆ ಎಣ್ಣೆ 130 ಡಿಗ್ರಿ ಮೇಲೇನೇ ಇತ್ತು.

ಆಯಿಲ್ ಕೂಲರ್, ಅಂದ್ರೆ ಇಂಜಿನ್ ಎಣ್ಣೆ ತಣ್ಣಗೆ ಮಾಡೋ ಸಣ್ಣ ರೇಡಿಯೇಟರ್ ಥರದ್ದು, ಹಾಕ್ತೀನಿ ಅಂದಾಗ ನಮ್ಮ ಲೈನಲ್ಲಿರೋ ಮೆಕ್ಯಾನಿಕ್‌ಗಳೆಲ್ಲ ಒಂದೇ ಮಾತು, "ಸಣ್ಣ ಇಂಜಿನ್ನಣ್ಣ, ಪಂಪ್ ಸಾಲಲ್ಲ, ಹೆಡ್‌ಗೆ ಎಣ್ಣೆ ಹತ್ತದೆ ಕ್ಯಾಮ್ ಹೋಗುತ್ತೆ." ಪಂಪ್ ಸಾಲುತ್ತೆ ಅಂತ ನಾನು ಅವತ್ತೂ ಹೇಳಿದ್ದೆ, ಇವತ್ತೂ ಹೇಳ್ತೀನಿ. ಸಾಲದೆ ಇರೋದು ನಾವು ಮಧ್ಯದಲ್ಲಿ ಹಾಕೋ ತೂತು.

ಕೂಲರ್ ಪಲ್ಸರ್ 220ದು, ಬೆಂಗಳೂರು ಶಿವಾಜಿನಗರದ ಗುಜರಿಯಲ್ಲಿ ಏಳ್ನೂರೋ ಏಳ್ನೂರೈವತ್ತೋ ಕೊಟ್ಟೆ. ತಗೊಳ್ಳೋವಾಗ ಒಂದು ಬಾಯಿ ಬೆರಳಲ್ಲಿ ಮುಚ್ಚಿ ಇನ್ನೊಂದರಲ್ಲಿ ಊದಿ ನೀರಲ್ಲಿ ಮುಳುಗಿಸಿ ನೋಡಿ, ಅರ್ಧಕ್ಕರ್ಧ ಲೀಕ್ ಇರ್ತವೆ. ಫಿಲ್ಟರ್ ಕವರ್ ಬದಲು ದಪ್ಪ ಅಲ್ಯೂಮಿನಿಯಂ ಕವರ್ ಲೇತ್‌ನಲ್ಲಿ ಮಾಡಿಸಿ ಎರಡು ಪೋರ್ಟ್ ಕೊಟ್ಟೆ, ಫಿಲ್ಟರ್ ದಾಟಿದ ಎಣ್ಣೆ ಒಂದರಿಂದ ಕೂಲರ್‌ಗೆ ಹೋಗಿ ಇನ್ನೊಂದರಿಂದ ವಾಪಸ್ ಗ್ಯಾಲರಿಗೆ, ಅಂದ್ರೆ ಇಂಜಿನ್ ಒಳಗಿನ ಎಣ್ಣೆ ದಾರಿಗೆ. ಲೇತ್‌ಗೆ ಒಂಬೈನೂರು ಚಿಲ್ಲರೆ. ಒಳಗೆ ಎರಡು ದಾರಿ ಬೇರೆ ಮಾಡೋ ತುಂಡು ಇದೆಯಲ್ಲ, ಅದರ ಅಳತೆ, ಓ-ರಿಂಗ್ ಎಲ್ಲಿ ಕೂತಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ, ಮೂರು ಕವರ್ ಹಾಳಾದ್ಮೇಲೆ ಕೈಗೆ ಬಂದಿದ್ದು ಅದು.

ದುಡ್ಡು ತಿಂದಿದ್ದು ಪೈಪು. ಮೊದಲು ಮುನ್ನೂರು ರೂಪಾಯಿ ರಬ್ಬರ್ ಹೋಸ್, ಕ್ಲಿಪ್ ಹಾಕಿ ಬಿಗಿದಿದ್ದು. ಬಿಸಿಲಲ್ಲಿ ಏನೂ ಆಗ್ಲಿಲ್ಲ, ಬೆಳಗ್ಗೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟ ತಕ್ಷಣ ಕಿತ್ಕೊಂಡು ಬಂತು, ತಣ್ಣಗಿರೋ 20ಡಬ್ಲ್ಯೂ50 ಎಣ್ಣೆ ದಪ್ಪ ಇರುತ್ತಲ್ಲ, ಪ್ರೆಶರ್ ಆಗಲೇ ಜಾಸ್ತಿ. ಒಂದು ಲೀಟರ್ ಹೊಸ ಎಣ್ಣೆ ಅಂಗಳದಲ್ಲಿ ಹೋಯ್ತು. ಆಮೇಲೆ ಜೆಸಿಬಿ ಹೋಸ್ ಕ್ರಿಂಪ್ ಮಾಡೋ ಅಂಗಡಿಗೆ ಹೋಗಿ ಬ್ಯಾಂಜೋ ಎಂಡ್ (ಉಂಗುರದ ಥರದ ತುದಿ, ಒಳಗೆ ತೂತಿರೋ ಬೋಲ್ಟಲ್ಲಿ ಬಿಗಿಯೋದು) ಹಾಕಿಸಿ ಎರಡು ತುಂಡು ಮಾಡಿಸ್ಕೊಂಡೆ, ಸಾವಿರದ ನೂರು. ಅದು ಇವತ್ತಿಗೂ ಒಂದು ತೊಟ್ಟು ಸೋರಿಲ್ಲ.

ಆದ್ರೂ ಹೆಡ್‌ಗೆ ಎಣ್ಣೆ ಕಮ್ಮಿ. ಟ್ಯಾಪೆಟ್ ಕವರ್ ಬಿಚ್ಚಿ ಐಡಲ್‌ನಲ್ಲಿ ಬಿಟ್ರೆ ರಾಕರ್ (ವಾಲ್ವ್ ಒತ್ತೋ ತೋಳು) ಮೇಲೆ ಬರೀ ಪಸೆ ಕಾಣ್ತಿತ್ತು. ಎಲ್ರೂ ನಾವು ಹೇಳಿರ್ಲಿಲ್ವಾ ಅಂದ್ರು. ಕಾರಣ ಪೈಪ್ ಬಿಗಿಯೋಕೆ ನಾನು ಹಾಕಿದ್ದ ಡಿಸ್ಕ್ ಬ್ರೇಕಿನ ಬ್ಯಾಂಜೋ ಬೋಲ್ಟ್. ಬ್ರೇಕಲ್ಲಿ ಆಯಿಲ್ ಹರಿಯಲ್ಲ, ಬರೀ ಒತ್ತುತ್ತೆ, ಹಾಗಾಗಿ ಅದರ ತೂತು ಸೂಜಿ ಥರ ಸಣ್ಣ. ದಪ್ಪ ಬೋಲ್ಟ್ ಲೇತ್‌ನಲ್ಲಿ ಮಾಡಿಸಿ ದೊಡ್ಡ ತೂತು ಹೊಡೆಸಿದೆ, ಪ್ಲಗ್ ಕೇಬಲ್ ತೆಗೆದು ಕಿಕ್ ಹೊಡೀತಾ ಹೋದೆ, ಕೂಲರ್ ತುಂಬೋಕೆ ಸ್ವಲ್ಪ ಹೊತ್ತು ಹಿಡೀತು, ಆಮೇಲೆ ರಾಕರ್ ಮೇಲಿಂದ ಎಣ್ಣೆ ದಾರವಾಗಿ ಇಳಿಯೋದು ಕಣ್ಣಾರೆ ಕಂಡಿತು.

ಈಗ ಅದೇ ರೋಡು, ಅದೇ ಲೋಡು, ಎಣ್ಣೆ 105 ಡಿಗ್ರಿ ಆಸುಪಾಸು. ಗೇರ್ ಬೆಣ್ಣೆ. ಸಂಡೂರಿನ ಏರಲ್ಲೂ ಟ್ಯಾಪೆಟ್ ಮಾತಾಡಲ್ಲ.

ಮಧ್ಯೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕೂಲರ್ ಹಿಂದೆ ಕಟ್ಟಿ ನೋಡಿದೆ, ಸಿಗ್ನಲಲ್ಲಿ ನಿಂತಾಗ ಏಳೆಂಟು ಡಿಗ್ರಿ ಇಳೀತು, ಓಡುವಾಗ ಗಾಳಿಗೆ ಅದೇ ಅಡ್ಡ, ಬಿಚ್ಚಿಟ್ಟೆ. ಕೂಲರ್ ಜಾಗಾನೂ ಮೊದಲು ಗಾರ್ಡ್ ಕೆಳಗಿತ್ತು, ಅದಿರು ಲಾರಿ ಎಬ್ಬಿಸೋ ಕೆಂಪು ಧೂಳು ಎಣ್ಣೆ ಪಸೆಗೆ ಅಂಟಿ ವಾರದಲ್ಲೇ ಫಿನ್ ಪೂರ್ತಿ ಮುಚ್ಚಿತು. ಈಗ ಟ್ಯಾಂಕ್ ಕೆಳಗೆ ಫ್ರೇಮ್ ಡೌನ್‌ಟ್ಯೂಬ್ ಪಕ್ಕ ಇದೆ, ತಿಂಗಳಿಗೊಂದು ಸಲ ಸೀಮೆಎಣ್ಣೆ ಬ್ರಶ್ ಹೊಡೆದ್ರೆ ಸಾಕು.

ಡಿಸೆಂಬರಲ್ಲಿ ಒಂದು ವಿಷಯ ನೋಡ್ಕೊಳ್ಳಿ. ಬೆಳಗಿನ ಸಣ್ಣ ಓಡಾಟಕ್ಕೆ ಎಣ್ಣೆ ಬಿಸೀನೇ ಆಗಲ್ಲ, ಫಿಲ್ಲರ್ ಕ್ಯಾಪ್ ಒಳಗೆ ಬಿಳಿ ಕೆನೆ ಕಟ್ಟುತ್ತೆ, ಅದು ನೀರಿನಂಶ. ಲಾರಿಯವರು ರೇಡಿಯೇಟರ್‌ಗೆ ಮಾಡೋ ಹಾಗೆ ಕೂಲರ್ ಮುಂದೆ ರಟ್ಟು ಸಿಗಿಸಿ.

ಹಾಳಾಗಿದ್ದೆಲ್ಲ ಸೇರಿ ನಾಲ್ಕು ಸಾವಿರ ದಾಟಿರಬೇಕು, ನೆಟ್ಟಗೆ ಮಾಡಿದ್ರೆ ಮೂರರಲ್ಲಿ ಮುಗಿಯುತ್ತೆ. ಎಣ್ಣೆ ಮಾಮೂಲಿಗಿಂತ ನೂರೈವತ್ತು ಎಂಎಲ್ ಹತ್ತಿರ ಜಾಸ್ತಿ ಹಿಡಿಯುತ್ತೆ, ಅದಕ್ಕೆ ಎಣ್ಣೆ ಹಾಕಿ ಎರಡು ನಿಮಿಷ ಓಡಿಸಿ ನಿಲ್ಲಿಸಿ ಆಮೇಲೆ ಲೆವೆಲ್ ನೋಡಿ, ಮತ್ತೆ ಬ್ಯಾಂಜೋ ಬಿಚ್ಚಿದಾಗೆಲ್ಲ ತಾಮ್ರದ ವಾಷರ್ ಹೊಸದೇ ಹಾಕಿ.