ಹಾಲ್ಟಿಂಗ್ ವಿಮಾನ ಸಿಗುತ್ತಾ?

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಂದೊಂದು ಸಣ್ಣ ಟಿಕೆಟ್ ಅಂಗಡಿ. ಬಸ್ಸು, ರೈಲು, ವಿಮಾನ ಮೂರೂ ಬುಕ್ ಮಾಡಿಕೊಡುತ್ತೇನೆ. ನಮ್ಮೂರಿಗೆ ವಿಮಾನ ಬರೋದಿಲ್ಲ, ಆದರೆ "ಏರ್‌ಪೋರ್ಟ್ ಯಾವಾಗ ಆಗುತ್ತೆ?" ಅಂತ ಕೇಳದ ಗಿರಾಕಿ ಇಲ್ಲ. 2023ರ ಆಗಸ್ಟ್ 31ರಂದು ಶಿವಮೊಗ್ಗದ ಸೋಗಾನೆಗೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತಲ್ಲ, ಆಮೇಲಂತೂ ಈ ಮಾತು ಜಾಸ್ತಿಯಾಯಿತು. ಅವತ್ತಿನಿಂದ ನಾನು ಒಂದು ನೋಟ್‌ಬುಕ್ ಇಟ್ಟೆ.

ವಿಮಾನ ಕೇಳಿಕೊಂಡು ಬಂದವರ ಹತ್ತಿರ ನಾಲ್ಕೇ ಪ್ರಶ್ನೆ. ಕೊನೆಗೆ ಹೋಗಬೇಕಾದ ಊರು ಯಾವುದು? ಎಷ್ಟು ಗಂಟೆಗೆ ಅಲ್ಲಿರಬೇಕು? ಅವತ್ತೇ ವಾಪಸ್ ಬರಬೇಕಾ? ಎಷ್ಟು ಬ್ಯಾಗು? ಕೊನೆಯದನ್ನು ಸುಮ್ನೆ ಸೇರಿಸಿದ್ದೆ. ಆದರೆ ಬಟ್ಟೆ ವ್ಯಾಪಾರಿಗಳ ವಿಷಯದಲ್ಲಿ ಅದೇ ದೊಡ್ಡದಾಯಿತು.

ಒಂದು ವರ್ಷ ಬರೆದು ನೋಡಿದರೆ, ಬೆಂಗಳೂರಿನ ಪುಟ ಹೆಚ್ಚು ಕಡಿಮೆ ಖಾಲಿ. ಇದು ಯಾಕೆ ಅಂತ ಲೆಕ್ಕ ಹಾಕಿದೆ. ಇಲ್ಲಿಂದ ಹೊನ್ನಾಳಿ ಮೇಲೆ ಶಿವಮೊಗ್ಗ ದಾಟಿ ಸೋಗಾನೆಗೆ ಎರಡು ಗಂಟೆ ಮೇಲೆ. ಒಂದು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟ ಒಂದು ಗಂಟೆ ಚಿಲ್ಲರೆ. ಇಳಿದ ಮೇಲೆ ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಮತ್ತೆ ಒಂದು ಗಂಟೆ, ಟ್ರಾಫಿಕ್ ಇದ್ದರೆ ಕೇಳಲೇಬೇಡಿ. ಅಷ್ಟರಲ್ಲಿ ವಂದೇ ಭಾರತ್ ಹತ್ತಿದವನು ಬೆಂಗಳೂರಲ್ಲಿ ಊಟ ಮುಗಿಸಿರುತ್ತಾನೆ. ಹೀಗಿರುವಾಗ ಬೆಂಗಳೂರಿಗೆ ಅಂತ ವಿಮಾನ ಯಾರಿಗೆ ಬೇಕು ಹೇಳಿ?

ತುಂಬಿದ ಪುಟಗಳು ಬೇರೆ. ಮೆಡಿಕಲ್ ಓದಲು ಬಂದ ಉತ್ತರದ ಮಕ್ಕಳಿಗೆ ದೆಹಲಿ, ಲಖನೌ, ಪಾಟ್ನಾ. ಬಟ್ಟೆ ಅಂಗಡಿಯವರಿಗೆ ಮುಂಬೈ, ಸೂರತ್. ಇನ್ನು ತಿರುಪತಿ ಎಲ್ಲರಿಗೂ ಬೇಕು. ಇವರಲ್ಲಿ ಹೆಚ್ಚಿನವರಿಗೆ ಬೆಂಗಳೂರು ಅಂದರೆ ವಿಮಾನ ಬದಲಿಸುವ ಜಾಗ, ಅಷ್ಟೇ.

ಸಣ್ಣ ಊರಿನ ಮಾರ್ಗಗಳಲ್ಲಿ ಬರುವ ಎಟಿಆರ್ 72 ಅನ್ನುವ ಸಣ್ಣ ವಿಮಾನದಲ್ಲಿ ಹೆಚ್ಚೆಂದರೆ 78 ಸೀಟು. (ಒಮ್ಮೆ ಚಳ್ಳಕೆರೆಯ ಗಿರಾಕಿಯೊಬ್ಬರು "ಎಟಿಆರ್ ನಮ್ಮಲ್ಲೇ ಐತಲ್ರೀ!" ಅಂದರು. ಅವರು ಹೇಳಿದ್ದು ಅದೇ ಹೆಸರಿನ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒದವರು ಡ್ರೋನ್ ಪರೀಕ್ಷೆ ಮಾಡುವ ಜಾಗ. ಅಲ್ಲೂ ರನ್‌ವೇ ಇದೆ, ಆದರೆ ನಮ್ಮಂಥವರನ್ನು ಹತ್ತಿಸಿಕೊಳ್ಳುವುದಿಲ್ಲ.) ನಾಲ್ಕರಲ್ಲಿ ಮೂರು ಪಾಲು ತುಂಬಬೇಕು ಅಂದರೂ ದಿನಾ ಸುಮಾರು 58 ಜನ ಹೋಗಬೇಕು, 58 ಜನ ಬರಬೇಕು. ದೀಪಾವಳಿಗೆ ಸರಿ. ಆಷಾಢದ ಮಂಗಳವಾರವೂ ಅಷ್ಟೇ ಜನ ಬೇಕಲ್ವಾ? ಸಣ್ಣ ಊರುಗಳಿಗೆ ವಿಮಾನ ಓಡಿಸಲು ಕೇಂದ್ರ ತಂದ ಉಡಾನ್ ಯೋಜನೆಯಲ್ಲಿ ಮೂರು ವರ್ಷ ಸರ್ಕಾರ ನಷ್ಟ ತುಂಬಿಕೊಡುತ್ತದೆ, ಆಮೇಲೆ ಕಂಪನಿಯ ಪಾಡು ಕಂಪನಿಗೆ. ಈ ಯೋಜನೆ ಬಗ್ಗೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವರ 2023ರ ವರದಿ ಓದಿದಾಗ ನನಗೆ ಗಾಬರಿಯೇ ಆಯಿತು. ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ಮಾರ್ಗಗಳಲ್ಲಿ ಶುರುವಾದದ್ದೇ 371. ಮೂರು ವರ್ಷ ಪೂರೈಸಿದ್ದು 112. ಅದಾದ ಮೇಲೂ ಓಡುತ್ತಿದ್ದದ್ದು 54.

ಜನ ಇಲ್ಲ ಅಂತ ಮಾತ್ರ ನಿಲ್ಲುತ್ತವೆ ಅಂತ ಮೊದಲು ನಾನೂ ಅಂದುಕೊಂಡಿದ್ದೆ. ನೋಟ್‌ಬುಕ್‌ನ ಎರಡನೇ ಪ್ರಶ್ನೆ ಬೇರೆಯದನ್ನೇ ಹೇಳಿತು. ವ್ಯಾಪಾರಿಗಳೆಲ್ಲ ಕೇಳಿದ್ದು ಬೆಳಗ್ಗೆ ಹೋಗಿ ರಾತ್ರಿ ಬರುವ ವಿಮಾನ. ಸಣ್ಣ ನಿಲ್ದಾಣದಲ್ಲಿ ಅದು ಸಿಗುವುದು ಕಷ್ಟ. ವಿಮಾನ ರಾತ್ರಿ ಮಲಗುವುದು ದೊಡ್ಡ ಊರಲ್ಲಿ. ಬೆಳಗ್ಗೆ ಅಲ್ಲಿಂದ ಹೊರಟು ಇಲ್ಲಿಗೆ ಬಂದು, ಅರ್ಧ ಗಂಟೆಯಲ್ಲಿ ಜನರನ್ನು ಇಳಿಸಿ ಹತ್ತಿಸಿ ವಾಪಸ್ ಹೋಗುತ್ತದೆ. ಅಂದರೆ ನಾವು ಹೊರಡುವಾಗ ಬಿಸಿಲು ಏರಿರುತ್ತದೆ. ಅದರ ಜೊತೆಗೆ, ಇಳಿಯಲು ರೇಡಿಯೊ ಮೂಲಕ ದಾರಿ ತೋರಿಸುವ ಐಎಲ್‌ಎಸ್ ಇಲ್ಲದ ಕಡೆ ಪೈಲಟ್‌ಗೆ ರನ್‌ವೇ ದೂರದಿಂದಲೇ ಕಣ್ಣಿಗೆ ಕಾಣಬೇಕು. ಮಂಜು, ಮಳೆ ಇದ್ದರೆ ಬಂದ ವಿಮಾನ ಮೇಲೆಯೇ ಸುತ್ತಿ ಹೊರಟುಹೋಗುತ್ತದೆ.

ಹಾಗೆ ಒಮ್ಮೆ ಆಯಿತು. ಒಂದು ಸಣ್ಣ ನಿಲ್ದಾಣ, ಹೆಸರು ಬೇಡ. ಗಿರಾಕಿ ನೂರು ರೂಪಾಯಿ ಅಲ್ಲ, ಸಾವಿರಾರು ರೂಪಾಯಿ ಕಳೆದುಕೊಂಡರು. ತಪ್ಪು ನಂದೂ ಇತ್ತು. ದುಡ್ಡು ಉಳಿಯುತ್ತೆ ಅಂತ ಬೆಂಗಳೂರಿನವರೆಗೆ ಒಂದು ಟಿಕೆಟ್, ಅಲ್ಲಿಂದ ದೆಹಲಿಗೆ ಬೇರೆ ಕಂಪನಿಯ ಟಿಕೆಟ್ ಮಾಡಿದ್ದೆ. ಮೊದಲನೆಯದು ರದ್ದಾದಾಗ ಎರಡನೆಯವರಿಗೆ ಅದು ಸಂಬಂಧವೇ ಇಲ್ಲ. ಈಗ ಒಂದೇ ಪಿಎನ್‌ಆರ್‌ನಲ್ಲಿ ಕೊನೆಯ ಊರಿನವರೆಗೆ ಮಾಡುತ್ತೇನೆ. ಸ್ವಲ್ಪ ಜಾಸ್ತಿ ಆದರೂ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಡಿಬಿಡಿ ಇರುವವರನ್ನು ಹೈವೇ ಹಿಡಿದು ಹುಬ್ಬಳ್ಳಿಗೆ ಕಳಿಸುತ್ತೇನೆ, ಇಲ್ಲವೇ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ನೇರ ದೇವನಹಳ್ಳಿಗೆ. ಬೆಂಗಳೂರಿನ ಒಳಗೆ ಹೋಗುವುದೇ ಬೇಡ.

ಹೋದ ತಿಂಗಳು ಪರಿಚಯದ ಸಾಹುಕಾರರೊಬ್ಬರು ದಾವಣಗೆರೆಗೂ ಏರ್‌ಪೋರ್ಟ್ ಬೇಕು ಅಂತ ಮನವಿ ಹಿಡಿದು ಸಹಿಗೆ ಬಂದರು. ಸಹಿ ಹಾಕಿ, ಕೆಳಗೆ ಒಂದು ಸಾಲು ಸೇರಿಸಿದೆ: ವಿಮಾನ ರಾತ್ರಿ ಇಲ್ಲೇ ತಂಗಬೇಕು.

"ಇದೇನ್ರೀ ಇದು?" ಅಂದರು.

"ನಿಮ್ಮೂರಿಗೆ ಹಾಲ್ಟಿಂಗ್ ಬಸ್ ಬರ್ತಿರಲಿಲ್ವಾ ಸಾಹುಕಾರ್ರೆ?" ಅಂದೆ. ಜಗಳೂರು ಕಡೆಯ ನಮ್ಮ ಹಳ್ಳಿಯಲ್ಲಿ ಡ್ರೈವರ್, ಕಂಡಕ್ಟರ್ ಗುಡಿಯ ಕಟ್ಟೆ ಮೇಲೆ ಮಲಗುತ್ತಿದ್ದರು. ಊರಿಗೆ ಆ ಬಸ್ಸೇ ಕೈತಪ್ಪಿಹೋದೀತು ಅಂತ ಸರದಿ ಮೇಲೆ ಮನೆಮನೆಯಿಂದ ರೊಟ್ಟಿ ಹೋಗುತ್ತಿತ್ತು. ಬೆಳಗ್ಗೆ ಆರಕ್ಕೆ ಹಾಲಿನ ಕ್ಯಾನು, ಹೈಸ್ಕೂಲ್ ಹುಡುಗರು, ಕೋರ್ಟಿಗೆ ಹೋಗುವವರು ಎಲ್ಲ ಅದರಲ್ಲೇ. ಮಧ್ಯಾಹ್ನ ಬಂದುಹೋಗುವ ಇನ್ನೊಂದು ಬಸ್ಸು ಯಾವತ್ತೂ ಖಾಲಿ.

ಸಾಹುಕಾರರು ಆ ಸಾಲನ್ನು ಮತ್ತೊಮ್ಮೆ ಓದಿದರು. "ಆತು ಬಿಡ್ರಿ, ಇರ್ಲಿ" ಅಂತ ಕಾಗದ ಮಡಚಿದರು. ಮೆಟ್ಟಿಲು ಇಳಿಯುವಾಗ ತಿರುಗಿ, "ಪೈಲಟ್‌ಗೆ ರೊಟ್ಟಿ ನಿಮ್ಮನೆಯಿಂದಲೇ ಮತ್ತೆ!" ಅಂದರು.