ಸೊಂಟ ಮುರಿದ ಕೆಂಚ, ಹಾಲಿನ ಬೀರು, ಅಧಿಕ ಮಾಸ

ಸೊಂಟ ಮುರಿದ ಬೆಕ್ಕು ಉಳಿಯಲ್ಲ ಅಂತ ನನಗೆ ಹೇಳದವರಿಲ್ಲ. ಆಚೆಮನೆಯವರು ಹೇಳಿದರು, ಹಾಲು ಡೈರಿಯಲ್ಲಿ ಹೇಳಿದರು, ನನ್ನ ತವರಿನವರೂ ಫೋನ್ ಮಾಡಿ ಹೇಳಿದರು. ಕೆಂಚ ಈಗ ಹೆಂಚಿನ ಮಾಡಿನ ಮೇಲೆ ಓಡಾಡುತ್ತಿದ್ದಾನೆ. ಅದಕ್ಕೇ ಬರೆಯುತ್ತಿದ್ದೇನೆ. ಬೆಕ್ಕು ಸಾಕಿದವರಿಗೆ ಮದ್ದು ಕುಡಿಸೋದು, ಗಾಯ ತೊಳೆಯೋದು ನಾನು ಕಲಿಸಬೇಕಾಗಿಲ್ಲ. ಏಳೆಂಟು ವಾರ ಒಂದು ಬೆಕ್ಕನ್ನು ಕೂಡಿಟ್ಟುಕೊಂಡು ಮನೆಯಲ್ಲಿ ಜಗಳ ಆಗದ ಹಾಗೆ ನೋಡಿಕೊಳ್ಳೋದಿದೆಯಲ್ಲ, ಕಷ್ಟ ಅಲ್ಲಿರೋದು.

2023ರ ಆಷಾಢ. ನಮ್ಮದು ಸಾಗರದ ಹತ್ತಿರ ಹಳ್ಳಿ, ಅಡಿಕೆ ತೋಟದ ಮನೆ. ಸಂಜೆ ಡೈರಿಗೆ ಹಾಲು ಕೊಟ್ಟು ಬರುವಾಗ ಕೆಂಚ ರಸ್ತೆ ಬದಿಯ ಚರಂಡಿಯಲ್ಲಿ ಬಿದ್ದಿದ್ದ. ಯಾವುದೋ ಬೈಕು ಬಡಿದಿರಬೇಕು. ಮುಂಗಾಲಲ್ಲಿ ಎಳೆದುಕೊಳ್ಳುತ್ತಿದ್ದ, ಹಿಂದಿನ ಭಾಗ ಏಳುತ್ತಿರಲಿಲ್ಲ. ಎತ್ತಿಕೊಳ್ಳಲಿಲ್ಲ. ಮನೆಗೆ ಓಡಿ ಗೆರಸಿ, ಅಂದರೆ ಮೊರ ತಂದು, ಮೈ ಬಳುಕದ ಹಾಗೆ ಅದರ ಮೇಲೆ ಜಾರಿಸಿಕೊಂಡು ತಂದೆ. ಅವತ್ತು ಮಾಡಿದ್ದರಲ್ಲಿ ಅದೊಂದು ಸರಿ ಆಯ್ತು ಅಂತ ಆಮೇಲೆ ಡಾಕ್ಟರೂ ಹೇಳಿದರು.

ರಾತ್ರಿ ನಮ್ಮ ನೆಂಟರೊಬ್ಬರು ಜ್ವರದ ಮಾತ್ರೆ ಮುರಿದು ಹಾಲಿಗೆ ಹಾಕುತ್ತಿದ್ದರು. ನೋವು ಕಮ್ಮಿ ಆಗಲಿ ಪಾಪ ಅಂತ. ಕೈ ಹಿಡಿದು ನಿಲ್ಲಿಸಿದೆ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ, ಅರ್ಧ ಮಾತ್ರೆ ಸಾಕು ಜೀವ ಹೋಗೋಕೆ. ನಿಮಗೆ ಇದು ಗೊತ್ತಿರುತ್ತೆ. ಮನೆಗೆ ಬಂದು ಹೋಗುವವರಿಗೆ ಗೊತ್ತಿರಲ್ಲ. ಮದ್ದಿನ ಡಬ್ಬಿ ಮೇಲಿಟ್ಟುಬಿಡಿ.

ಮಾರನೆ ದಿನ ಮೊದಲು ಹೋದ ಕಡೆ, ಬೆಂಗಳೂರಿಗೆ ಒಯ್ದು ಪ್ಲೇಟ್ ಹಾಕಿಸಿ, 40 ಸಾವಿರ ಆಗಬಹುದು, ಇಲ್ಲದಿದ್ದರೆ ಇಂಜೆಕ್ಷನ್ ಕೊಟ್ಟು ಮುಗಿಸೋಣ ಅಂದರು. ಎಕ್ಸ್‌ರೇ ತೆಗೆಯದೆಯೇ ಹೇಳಿದ್ದು ನನಗೆ ಸರಿ ಕಾಣಲಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಬಾಡಿಗೆ ಕಾರು ಮಾಡಿದೆವು. 70 ಕಿಲೋಮೀಟರ್ ಹತ್ತಿರ, ಹೋಗಿ ಬರಲು 2,400. ಎಕ್ಸ್‌ರೇಯಲ್ಲಿ ಸೊಂಟದ ಎಲುಬು 2 ಕಡೆ ಮುರಿದಿತ್ತು. ತೊಡೆ ಎಲುಬಿನ ಗುಂಡು ಕೂರುವ ಬಟ್ಟಲಿಗೆ ಏಟು ಬಿದ್ದಿರಲಿಲ್ಲ. ಉಚ್ಚೆ ಸರಿಯಾಗಿ ಹೋಗುತ್ತಿತ್ತು, ಬಾಲ ಮುಟ್ಟಿದರೆ ಎಳೆದುಕೊಳ್ಳುತ್ತಿದ್ದ. ಹಾಗಿದ್ದರೆ ಆಪರೇಷನ್ ಬೇಡ, 6 ವಾರ ಓಡಾಡದ ಹಾಗೆ, ಹಾರದ ಹಾಗೆ ಪೆಟ್ಟಿಗೆಯಲ್ಲಿ ಇಡಿ, ತಾನೇ ಕೂಡಿಕೊಳ್ಳುತ್ತೆ ಅಂದರು.

ನಾನು ಗೆದ್ದೆ ಅಂದುಕೊಂಡೆ. ಮನೆಗೆ ಬಂದ ಮೇಲೆ ಶುರುವಾಯಿತು.

ನಮ್ಮ ಅತ್ತೆ ಮಡಿಯವರು. ಬೆಕ್ಕು ಅಟ್ಟದಲ್ಲಿ ಇಲಿ ಹಿಡಿಯಲಿ, ಹಾಲು ಅನ್ನ ತಿಂದು ಹೊರಗಿರಲಿ, ಒಳಗೆ ಬೇಡ. ಹಾಗಂತ ಸಾಯಲಿ ಅನ್ನುವವರೂ ಅಲ್ಲ. "ಬೆಕ್ಕು ಕೊಂದರೆ ಚಿನ್ನದ ಬೆಕ್ಕು ಮಾಡಿ ಕಾಶಿಗೆ ಕೊಡಬೇಕು ಗೊತ್ತಾ" ಅಂತ ಅವರೇ ಇಂಜೆಕ್ಷನ್ ಬೇಡ ಅಂದವರು. ಮೇಲಾಗಿ ಆ ವರ್ಷ ಅಧಿಕ ಶ್ರಾವಣ. ಜುಲೈ 18ರಿಂದ ಒಂದು ತಿಂಗಳು ಅವರ ವ್ರತ, 33 ಕಜ್ಜಾಯದ ದಾನ, ಎರಡು ಹೊತ್ತು ಸ್ನಾನ. ಅದೇ ತಿಂಗಳಲ್ಲಿ ಮನೆಯೊಳಗೆ ಬೆಕ್ಕಿನ ಉಚ್ಚೆ ವಾಸನೆ ಅಂದರೆ ಅವರು ಹೇಗೆ ತಡೆದುಕೊಳ್ಳಬೇಕು?

ಅದಕ್ಕೇ ಮೊದಮೊದಲು ಕೊಟ್ಟಿಗೆಯಲ್ಲಿ ಇಟ್ಟೆ. ಎಲ್ಲರಿಗೂ ಒಪ್ಪಿಗೆಯಾಯಿತು, ಕೆಂಚನಿಗೆ ಆಗಲಿಲ್ಲ. ಕೋಳಿ ಬುಟ್ಟಿ ಕೇಳಿ ತಂದು ಮುಚ್ಚಿಟ್ಟಿದ್ದೆ, ತಲೆ ಕೊಟ್ಟು ನೂಕಿ ಬುಟ್ಟಿ ಸಮೇತ ಜರುಗುತ್ತಿದ್ದ. ನೆಲ ತಂಡಿ. ಎರಡನೇ ಬೆಳಗ್ಗೆ ತೊಡೆಯ ತರಚು ಗಾಯಕ್ಕೆ ಇರುವೆ ಮುತ್ತಿದ್ದವು. ಊಟ ಬಿಟ್ಟಿದ್ದ. ಬೆಕ್ಕು 2-3 ದಿನ ಏನೂ ತಿನ್ನದಿದ್ದರೆ ಲಿವರ್‌ಗೇ ತೊಂದರೆ, ಅದರಲ್ಲೂ ಕೆಂಚ ದಪ್ಪ, ಐದು ಕೆಜಿ ಹತ್ತಿರ ಇದ್ದ. ಹೆದರಿ ನಮ್ಮ ಕೋಣೆಗೆ ತಂದೆ. ಅವತ್ತು ರಾತ್ರಿ ಅತ್ತೆ ಊಟ ಮಾಡಲಿಲ್ಲ. ಮಾತೂ ಆಡಲಿಲ್ಲ.

ದಾರಿ ಸಿಕ್ಕಿದ್ದು ಹಾಲಿನ ಬೀರುವಿನಿಂದ. ಹಳೇ ಮನೆಗಳಲ್ಲಿ ಇರುತ್ತಲ್ಲ, ನಾಲ್ಕು ಕಡೆ ತಂತಿ ಜಾಲರಿ ಹೊಡೆದ ಬೀರು, ಬೆಕ್ಕು ಹಾಲಿಗೆ ಬಾಯಿ ಹಾಕಬಾರದು ಅಂತ ಮಾಡಿಸಿದ್ದು. ಫ್ರಿಜ್ ಬಂದ ಮೇಲೆ ಅಟ್ಟ ಸೇರಿತ್ತು. ಸುಮಾರು ಮೂರೂವರೆ ಅಡಿ ಎತ್ತರ, ಎರಡು ಅಡಿ ಅಗಲ. ಅದನ್ನು ಮಲಗಿಸಿ, ಒಳಗಿನ ಹಲಗೆ ಬಿಚ್ಚಿದೆ. ಬಾಗಿಲು ಮೇಲೆ ಬಂತು. ಒಂದು ತುದಿಗೆ ಹಾಸಿಗೆ, ಒಂದು ತುದಿಗೆ ತಟ್ಟೆ. ನಿಲ್ಲಬಹುದು, ತಿರುಗಬಹುದು, ಹಾರೋಕೆ ಆಗಲ್ಲ. ಮೇಲಿನಿಂದ ಕೈ ಹಾಕಿ ತೊಳೆಯೋದು ಸುಲಭ, ಬಾಗಿಲು ತೆಗೆದ ಕೂಡಲೇ ನುಗ್ಗಿ ಓಡುವ ಭಯವೂ ಇಲ್ಲ. ಅಂಗಡಿಯಲ್ಲಿ ಇಂಥ ಪಂಜರ ಕೇಳಿದ್ದೆ, ನಾಲ್ಕೂವರೆ ಸಾವಿರ ಅಂದಿದ್ದರು. ನನಗೆ ಒಂದು ಹೊಸ ಚಿಲಕ ಅಷ್ಟೇ ಖರ್ಚು, 60 ರೂಪಾಯಿ.

ಬೀರುವನ್ನು ಜಗಲಿಯ ಮೂಲೆಯಲ್ಲಿ, ಮಾವನ ಕುರ್ಚಿ ಪಕ್ಕ ಇಟ್ಟೆ. ದೇವರ ಕೋಣೆ, ಅಡುಗೆ ಮನೆ ಎರಡಕ್ಕೂ ದೂರ. ಆದರೆ ಹೋಗಿ ಬರುವವರ ಕಣ್ಣಿಗೆ ಬೀಳುತ್ತೆ. ಕೆಂಚನಿಗೂ ಜನ ಕಾಣಬೇಕಿತ್ತು. ಅವತ್ತೇ ಸಂಜೆ ಊಟಕ್ಕೆ ಬಾಯಿ ಇಟ್ಟ.

ಈಗ ವಾಸನೆ ವಿಷಯ. ಮನೆಯಲ್ಲಿ ಜಗಳ ಹುಟ್ಟೋದು ಇದರಿಂದಲೇ, ಇದರ ಮೇಲೆ ನಾನು ಒಂದು ವಾರ ಪ್ರಯೋಗ ಮಾಡಿದೆ. ಬೂದಿ ಹಾಕಿ ನೋಡಿದೆ, ವಾಸನೆ ಚೆನ್ನಾಗಿ ಹೀರುತ್ತೆ. ಆದರೆ ಒದ್ದೆ ಬೂದಿ ಚುರುಗುಟ್ಟುತ್ತೆ, ಅಂಗಾಲು ಕೆಂಪಾಯಿತು. ಸಾಮಿಲ್‌ನಿಂದ ಮರದ ಹೊಟ್ಟು ತಂದೆ, ಗಾಯಕ್ಕೆ ಅಂಟಿಕೊಂಡಿತು. ಭತ್ತದ ಉಮಿ ಹಗುರ, ಕೆರೆದರೆ ಜಗಲಿ ತುಂಬ. ಕಡೆಗೆ ನಿಂತಿದ್ದು ಹಳೇ ಪೇಪರು. ಮಗಳು ಶಾಲೆಯಿಂದ ಬಂದು ಬೆರಳಗಲ ಹರಿದು ಗುಡ್ಡೆ ಹಾಕುತ್ತಿದ್ದಳು. ತಟ್ಟೆ ಮಾತ್ರ ಅಂಚು ತಗ್ಗಿರಬೇಕು, ಕಾಲು ಎತ್ತೋಕೆ ಆಗಲ್ಲ ಅವಕ್ಕೆ. ನಾನು ಹಳೇ ಬೇಕರಿ ಟ್ರೇ ಇಟ್ಟಿದ್ದೆ. ಪೇಪರಿನ ಅಡಿಗೆ ಇನ್ನೊಂದು ಹಾಕುತ್ತಿದ್ದೆ, ನಮ್ಮ ಹಿತ್ತಲಲ್ಲೇ ಸಿಗೋದು. ಅದೇನು ಅಂತ ಇಲ್ಲಿ ಬರೆಯಲ್ಲ, ಅದನ್ನು ಕಂಡುಕೊಳ್ಳೋಕೆ ನನಗೆ ಬಹಳ ದಿನ ಹಿಡಿದಿದೆ. ಬಂದ ನೆಂಟರು ಬೀರು ಪಕ್ಕ ಕೂತು ಕಾಫಿ ಕುಡಿದು ಹೋದರು, ಒಳಗೆ ಬೆಕ್ಕಿದೆ ಅಂತ ಗೊತ್ತಾಗಲಿಲ್ಲ ಅಂದರೆ ನೀವೇ ಲೆಕ್ಕ ಹಾಕಿ.

ಹೊತ್ತು ಇನ್ನೂ ಮುಖ್ಯ. ಅತ್ತೆ ಐದೂಮುಕ್ಕಾಲಿಗೆ ಸ್ನಾನಕ್ಕೆ ಏಳುತ್ತಾರೆ. ನಾನು ಐದಕ್ಕೇ ಎದ್ದು ತಟ್ಟೆ ಬದಲಿಸಿ, ಬೀರು ಒರೆಸಿ, ನಾನೂ ಸ್ನಾನ ಮುಗಿಸುತ್ತಿದ್ದೆ. ಅವರು ಹೂ ಕೊಯ್ಯಲು ಜಗಲಿ ದಾಟುವಾಗ ಎಲ್ಲ ಒಣಗಿರಬೇಕು. ಒಂದು ದಿನವೂ ತಪ್ಪಿಸಲಿಲ್ಲ. ಅವರ ಹತ್ತಿರ ವಾದ ಮಾಡಿದ್ದರೆ ಒಂದು ವಾರವೂ ನಡೆಯುತ್ತಿರಲಿಲ್ಲ. ಅವರ ಬೆಳಗ್ಗೆ ಅವರಿಗೆ ಮೊದಲಿನ ಹಾಗೇ ಸಿಕ್ಕಿತು. ಅದಕ್ಕೇ ಮಾತು ನಿಂತಿತು.

ಊಟದ್ದು ಇನ್ನೊಂದು. ಎಲುಬು ಕೂಡಬೇಕಾದರೆ ಹಾಲು ಅನ್ನ ಸಾಲದು. ನಮ್ಮನೆ ಒಳಗೆ ಮೊಟ್ಟೆ ಬರೋ ಹಾಗಿಲ್ಲ. ಬಚ್ಚಲ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ ಮೊಟ್ಟೆ ಬೇಯಿಸುತ್ತೇನೆ, ಪಾತ್ರೆ ಕೊಟ್ಟಿಗೆಯಲ್ಲೇ ಇರುತ್ತೆ ಅಂತ ಅತ್ತೆಗೆ ಮೊದಲೇ ಹೇಳಿದೆ. ಕದ್ದು ಮಾಡಿ ಆಮೇಲೆ ಸಿಕ್ಕಿಬಿದ್ದರೆ ಮುಗೀತು, ಅಲ್ವಾ. ವಾರಕ್ಕೆರಡು ಸಲ ಆಚೆಮನೆಯವರು ಮಸಾಲೆಗೆ ಮುಂಚೆ ಭೂತಾಯಿ ಮೀನು ಬರೀ ನೀರಲ್ಲಿ ಬೇಯಿಸಿ ಕೊಡುತ್ತಿದ್ದರು. ಈರುಳ್ಳಿ, ಬೆಳ್ಳುಳ್ಳಿ ಸೋಕಿಸಬೇಡಿ ಅಂತ ಕೇಳಿಕೊಂಡಿದ್ದೆ. ಬೆಕ್ಕಿಗೆ ಅದರಿಂದ ರಕ್ತ ಕೆಡುತ್ತೆ. ಉಳಿದದ್ದು ಪ್ಯಾಕೆಟ್ ಊಟ.

ಐದನೇ ದಿನ ನಿಜವಾಗಿ ಹೆದರಿದ್ದು. ನಾಲ್ಕು ದಿನದಿಂದ ಕಕ್ಕ ಆಗಿರಲಿಲ್ಲ. ಮುರಿದ ಸೊಂಟ ಒಳಗೆ ಇಕ್ಕಟ್ಟು, ಜೊತೆಗೆ ಮುಕ್ಕಿದರೆ ನೋವು, ಹಿಡಿದುಕೊಳ್ಳುತ್ತಿದ್ದ. ಬೆಂದ ಸಿಹಿಗುಂಬಳ ಕಲಸಿ ಕೊಟ್ಟೆ, ಮೂಸಿ ಮುಖ ತಿರುಗಿಸಿದ. ಡಾಕ್ಟರಿಗೆ ಫೋನ್ ಮಾಡಿ ಕಕ್ಕ ಮೆತ್ತಗಾಗುವ ಲ್ಯಾಕ್ಟುಲೋಸ್ ಸಿರಪ್ ಬರೆಸಿಕೊಂಡೆ. ಮೆಡಿಕಲ್‌ನವರು ಮನುಷ್ಯರ ಎನಿಮಾ ಕೊಡಲಾ ಅಂದರು. ಅದು ಬೆಕ್ಕಿಗೆ ಜೀವಕ್ಕೇ ಅಪಾಯ, ತರಬೇಡಿ. ಸಿರಪ್ ಶುರು ಮಾಡಿದ ಎರಡನೇ ದಿನ ಆಯಿತು. ನಮ್ಮ ಮಾವ ರಿಟೈರ್ಡ್ ಮೇಷ್ಟ್ರು, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕೆಂಪು ಪೆನ್ನಲ್ಲಿ ಗುಂಡಗೆ ಸುತ್ತು ಹಾಕಿದರು. ಅವತ್ತಿನಿಂದ ಅದು ಅವರ ಕೆಲಸ. ಉಚ್ಚೆಗೆ ನೀಲಿ ಗೆರೆ, ಕಕ್ಕಕ್ಕೆ ಕೆಂಪು ಸುತ್ತು. ಡಾಕ್ಟರಿಗೆ ಆ ಹಾಳೆಯ ಫೋಟೋ ಕಳಿಸಿದರೆ ಸಾಕಾಗುತ್ತಿತ್ತು. ಅತ್ತೆಯೂ ಹೂವಿನ ತಟ್ಟೆ ಹಿಡಿದು ಕ್ಯಾಲೆಂಡರ್ ಮುಂದೆ ನಿಂತು, "ಇವತ್ತು ಕೆಂಪು ಇಲ್ವಲ್ಲ" ಅನ್ನುತ್ತಿದ್ದರು.

ಗಾಯಕ್ಕೆ ಅರ್ಧ ಲೀಟರ್ ಕಾದಾರಿದ ನೀರಿಗೆ ಒಂದು ಚಮಚ ಉಪ್ಪು, ಅಷ್ಟೇ. ಡೆಟಾಲ್ ಬೇಡ, ಬೆಕ್ಕಿಗೆ ಆಗಲ್ಲ, ನೆಕ್ಕಿಕೊಂಡರೆ ಇನ್ನೂ ಕಷ್ಟ. ನೆಕ್ಕದ ಹಾಗೆ 250 ಕೊಟ್ಟು ತಂದ ಪ್ಲಾಸ್ಟಿಕ್ ಕಾಲರ್ ಬೀರುವಿನ ಜಾಲರಿಗೆ ಸಿಕ್ಕಿಕೊಳ್ಳುತ್ತಿತ್ತು. ರಟ್ಟಿನದು ಮಾಡಿದೆ, ಆ ಮಳೆಗೆ ಒಂದೇ ದಿನಕ್ಕೆ ಹಪ್ಪಳ ನೆನೆದ ಹಾಗಾಯಿತು. ಹಳೇ ಯೋಗ ಚಾಪೆ ಕತ್ತರಿಸಿ ಕುತ್ತಿಗೆಗೆ ಬಟ್ಟೆ ಪಟ್ಟಿ ಹೊಲಿದೆ. ಮೆತ್ತಗೆ, ಮಲಗಿದರೆ ತಲೆದಿಂಬಿನ ಹಾಗೆ. ಹತ್ತು ದಿನದಲ್ಲಿ ಗಾಯ ಒಣಗಿತು.

ಮನೆಯಲ್ಲಿ ಇನ್ನೊಂದು ಬೆಕ್ಕಿದೆ, ಕಾಳಿ. ಆಸ್ಪತ್ರೆಯಿಂದ ಬಂದ ಕೆಂಚನನ್ನು ಅವಳು ಗುರುತೇ ಹಿಡಿಯಲಿಲ್ಲ. ಆಸ್ಪತ್ರೆ ವಾಸನೆ ಹತ್ತಿತ್ತಲ್ಲ. ರೋಮ ಎಬ್ಬಿಸಿ ಬುಸುಗುಟ್ಟಿ ಬೀರುವಿಗೆ ಪಂಜ ಬಡಿಯುತ್ತಿದ್ದಳು, ಒಳಗೆ ಅವನು ಮುದುಡಿಕೊಳ್ಳುತ್ತಿದ್ದ. ಬೀರುವಿನ ಅರ್ಧಕ್ಕೆ ಹಳೇ ಪಂಚೆ ಹೊದಿಸಿದೆ. ಒಂದು ಬಟ್ಟೆಯಿಂದ ಕಾಳಿಯ ಕೆನ್ನೆ ಒರೆಸಿ ಕೆಂಚನ ಹಾಸಿಗೆಗೆ, ಅವನದನ್ನು ಅವಳ ಮೂಲೆಗೆ. ಇಬ್ಬರ ಊಟದ ತಟ್ಟೆಯನ್ನೂ ದಿನಾ ಒಂದೊಂದು ಗೇಣು ಹತ್ತಿರ ತಂದೆ. ಹನ್ನೆರಡು ದಿನವೋ ಏನೋ ಹಿಡಿಯಿತು. ಆಮೇಲೆ ಅವಳು ಬೀರುವಿನ ಮೇಲೆಯೇ ಮಲಗತೊಡಗಿದಳು.

ದೊಡ್ಡ ತಪ್ಪು ಮೂರನೇ ವಾರದ ಕೊನೆಗೆ. ಕೆಂಚ ಚೆನ್ನಾಗಿ ನಿಲ್ಲುತ್ತಿದ್ದ, ರಾತ್ರಿಯೆಲ್ಲ ಕೂಗುತ್ತಿದ್ದ, ಇವರಿಗೂ ನಿದ್ದೆ ಇಲ್ಲ. ಒಂದು ಹತ್ತು ನಿಮಿಷ ಬಿಡೋಣ ಅಂತ ಬಿಟ್ಟೆ. ಎರಡು ಸುತ್ತು ನಡೆದ. ನಾನು ಬಾಗಿಲ ಕಡೆ ತಿರುಗುವಷ್ಟರಲ್ಲಿ ಅಡಿಕೆ ಚೀಲದ ಮೇಲೆ ಹಾರಿ, ಅಲ್ಲಿಂದ ಧುಮುಕಿದ. ಬಿದ್ದ ಸದ್ದಿಗೆ ನನ್ನ ಎದೆ ಒಡೆಯಿತು. ಮತ್ತೆ ಕುಂಟು, ಮತ್ತೆ ಕಾರು, ಮತ್ತೆ ಎಕ್ಸ್‌ರೇ. ಎಲುಬು ಜರುಗಿರಲಿಲ್ಲ, ಆದರೆ ಅಲ್ಲಿಂದ ಇನ್ನೂ 4 ವಾರ. ನಮ್ಮನೆಯವರು ಕಾರಿನಲ್ಲಿ ಒಂದು ಮಾತೂ ಆಡಲಿಲ್ಲ. ಆ 3 ಸಾವಿರ ನನ್ನ ಚೀಟಿ ದುಡ್ಡಿನಿಂದ ಕೊಟ್ಟೆ. ನೋವು ಹೋದ ಬೆಕ್ಕಿಗೆ ಎಲುಬು ಕೂಡಿಲ್ಲ ಅಂತ ಗೊತ್ತಾಗಲ್ಲ. ಮೂರನೇ ವಾರ ಬಹಳ ಅಪಾಯದ ವಾರ.

ರಾತ್ರಿ ಕೂಗಿಗೆ ಮೊದಲು ರೇಡಿಯೋ ಸಣ್ಣಗೆ ಇಟ್ಟು ನೋಡಿದೆ, ಏನೂ ಉಪಯೋಗ ಆಗಲಿಲ್ಲ. ಮಲಗುವ ಮುಂಚೆ ಆಟ ಆಡಿಸಿ ಊಟ ಕೊಟ್ಟರೆ ಸುಮ್ಮನಿರುತ್ತಿದ್ದ. ಕೂತಲ್ಲೇ, ಸೊಂಟ ತಿರುಗಿಸದೆ ಮುಂಗಾಲಲ್ಲೇ ಆಡುವ ಹಾಗೆ. ಅದು ಹೇಗೆ ಅನ್ನೋದು ಕೈಯಲ್ಲಿ ತೋರಿಸಬೇಕು, ಬರೆದರೆ ತಿಳಿಯಲ್ಲ.

ಅಧಿಕ ಮಾಸ ಮುಗಿಯುತ್ತಾ ಬಂದ ಒಂದು ಮಧ್ಯಾಹ್ನ. ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಹೂಬತ್ತಿ ಹೊಸೆಯುತ್ತಿದ್ದರು. ಬೀರುವಿನ ಒಂದು ಮೂಲೆಯಲ್ಲಿ ಜಾಲರಿ ಬಿಟ್ಟಿತ್ತು. ಅಲ್ಲಿಂದ ಕೆಂಚನ ಪಂಜ ಹೊರಗೆ ಬಂತು, ಉಗುರಿಗೆ ಹತ್ತಿಯ ಎಳೆ ಸಿಕ್ಕಿತು, ಎಳೆದ. ಅತ್ತೆ ಆ ಕಡೆಯಿಂದ ಹಿಡಿದುಕೊಂಡರು. "ಬಿಡೋ, ದೇವರದ್ದು ಅದು." ಅವನು ಬಿಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇಬ್ಬರೂ ಹಿಡಿದುಕೊಂಡಿದ್ದರು. ಆಮೇಲೆ ಅವರು ಆ ಹತ್ತಿಯನ್ನು ಬಿಟ್ಟು, ಬೇರೆ ಹತ್ತಿ ತೆಗೆದುಕೊಂಡರು. ನಾನು ಒಳಗಿನಿಂದ ನೋಡುತ್ತಿದ್ದೆ, ಹೊರಗೆ ಹೋಗಲಿಲ್ಲ. ಅವನು ಆ ಎಳೆ ನುಂಗಬಾರದಲ್ಲ, ಅತ್ತೆ ಎದ್ದು ಹೋದ ಮೇಲೆ ಮೆಲ್ಲಗೆ ತೆಗೆದೆ.

ಆಗಸ್ಟ್ ಕೊನೆಗೆ ಮೂರನೇ ಎಕ್ಸ್‌ರೇ. ಕೂಡಿತ್ತು. ಡಾಕ್ಟರು ಎರಡು ಸಲ ನೋಡಿ, ಮನೆಯಲ್ಲಿ ಇಷ್ಟು ಕಟ್ಟುನಿಟ್ಟಾಗಿ ಇಟ್ಟುಕೊಳ್ಳುವವರು ಕಮ್ಮಿ ಅಂದರು. ಬಿಡುವಾಗ ಈ ಸಲ ಒಂದು ವಾರ ಕೋಣೆಯೊಳಗೆ, ಮಂಚ ಕುರ್ಚಿ ಎಲ್ಲ ಹೊರಗಿಟ್ಟು, ನೆಲಕ್ಕೆ ಗೋಣಿ ಹಾಸಿ ಬಿಟ್ಟೆ. ಕಾಳಿ ಜೊತೆ ಇನ್ನೊಂದು ಸಣ್ಣ ಕಿತ್ತಾಟ ಆಯಿತು, ಎರಡೇ ದಿನ.

ಖರ್ಚು ನೆನಪಿನಿಂದ ಹೇಳುತ್ತೇನೆ. ಕಾರಿಗೇ 7 ಸಾವಿರ ಮೇಲೆ, ಎಕ್ಸ್‌ರೇ ಮೂರಕ್ಕೂ ಸೇರಿ ಸಾವಿರದ ಹತ್ತಿರ, ಔಷಧಿ ಸಾವಿರದ ನಾನೂರೋ ಐನೂರೋ, ಊಟಕ್ಕೂ ಹೆಚ್ಚುಕಮ್ಮಿ ಅಷ್ಟೇ. ಎಲ್ಲ ಹನ್ನೊಂದು ಹನ್ನೆರಡು ಸಾವಿರದ ಒಳಗೆ ಮುಗಿಯಿತು. ನನ್ನ ತಪ್ಪಿನದು ತೆಗೆದರೆ ಇನ್ನೂ ಕಮ್ಮಿ.

ಚಳಿ ಬೆಳಗ್ಗೆ ಎಡ ಹಿಂಗಾಲು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಾನೆ, ಬಿಸಿಲು ಬಿದ್ದ ಮೇಲೆ ಸರಿಯಾಗುತ್ತೆ. ಸಿರಪ್ ಈಗಲೂ ಆಗಾಗ ಬೇಕು. ಕ್ಯಾಲೆಂಡರಿನಲ್ಲಿ ಮಾವ ಈಗಲೂ ಕೆಂಪು ಸುತ್ತು ಹಾಕುತ್ತಾರೆ. ಅಡುಗೆ ಮನೆಗೆ ಅವನಿಗೆ ಪ್ರವೇಶ ಇಲ್ಲ, ನಾನೂ ಕೇಳಿಲ್ಲ. ಬೀರು ಮತ್ತೆ ಅಟ್ಟದ ಮೇಲಿದೆ. ಸಾಗರದ ಕಡೆ ಯಾರದ್ದಾದರೂ ಬೆಕ್ಕಿಗೆ ಹೀಗಾದರೆ ಬಂದು ಒಯ್ಯಬಹುದು. ಒಂದು ಮೂಲೆಯ ಜಾಲರಿ ಮಾತ್ರ ಹೊಸದು ಹೊಡೆಸಿಕೊಳ್ಳಬೇಕು.